ಸಿಎ ಪರೀಕ್ಷೆ: ಯಾವ ಅಟೆಂಪ್ಟ್, ಎಷ್ಟು ಗ್ರೂಪ್, ಎಷ್ಟು ಗಂಟೆ ಓದು?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ ವಾಣಿಜ್ಯ ವಿಭಾಗದ ಮಕ್ಕಳಿರುವ ಮನೆಗಳಲ್ಲಿ ಸಿಎ ಓದಿಸುವ ಮಾತು ಶುರುವಾಗುತ್ತದೆ. ಪರೀಕ್ಷೆ ಕಷ್ಟ, ಪಾಸಾದರೆ ಒಳ್ಳೆಯ ಕೆಲಸ ಎಂಬ ಎರಡು ಸಂಗತಿಗಳು ಎಲ್ಲರಿಗೂ ಗೊತ್ತಿರುತ್ತವೆ. ಆದರೆ ಯಾವ ದಿನಾಂಕದೊಳಗೆ ನೋಂದಣಿ ಮಾಡಿಸಬೇಕು, ಪರೀಕ್ಷೆಯ ಅರ್ಜಿಯನ್ನು ಯಾವಾಗ ತುಂಬಬೇಕು, ಒಂದು ಗ್ರೂಪ್ ಬರೆಯಬೇಕೇ ಎರಡನ್ನೂ ಒಟ್ಟಿಗೆ ಬರೆಯಬೇಕೇ, ಅದಕ್ಕೆ ನಿಜವಾಗಿ ಎಷ್ಟು ಗಂಟೆ ಓದು ಬೇಕು ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗುವುದು ಕಡಿಮೆ. 2023ರ ಜುಲೈ 1ರಂದು ಜಾರಿಗೆ ಬಂದ ಹೊಸ ಶಿಕ್ಷಣ ಮತ್ತು ತರಬೇತಿ ಪದ್ಧತಿ, ಅದರ ಬೆನ್ನಲ್ಲೇ 2024ರಲ್ಲಿ ಆರಂಭವಾದ ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ, ಇವೆರಡೂ ಸೇರಿ ಹಿಂದಿನ ತಲೆಮಾರಿನ ಸಿಎಗಳು ಕೊಡುವ ಸಲಹೆಯ ಬಹುಭಾಗವನ್ನು ಹಳತಾಗಿಸಿವೆ. ಹೀಗಾಗಿ ಈಗಿನ ನಿಯಮಗಳನ್ನು ಮೊದಲಿನಿಂದ ಅರ್ಥ ಮಾಡಿಕೊಳ್ಳುವುದು ಅಗತ್ಯ.

## ಮೂರು ಹಂತಗಳು

ಭಾರತದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಪದವಿ ನೀಡುವ ಅಧಿಕಾರವಿರುವುದು ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಅಕೌಂಟೆಂಟ್ಸ್ ಆಫ್ ಇಂಡಿಯಾ, ಅಂದರೆ ಐಸಿಎಐ ಸಂಸ್ಥೆಗೆ ಮಾತ್ರ. ಸಂಸತ್ತಿನ ಕಾಯ್ದೆಯ ಮೂಲಕ 1949ರ ಜುಲೈ 1ರಂದು ಸ್ಥಾಪನೆಯಾದ ಈ ಸಂಸ್ಥೆಯೇ ಪಠ್ಯವನ್ನು ರೂಪಿಸುತ್ತದೆ, ಪರೀಕ್ಷೆ ನಡೆಸುತ್ತದೆ, ಪಾಸಾದವರಿಗೆ ಸದಸ್ಯತ್ವ ನೀಡುತ್ತದೆ. ಕೋಚಿಂಗ್ ಸಂಸ್ಥೆಗಳಿಗೂ ಕಾಲೇಜುಗಳಿಗೂ ಇದರಲ್ಲಿ ಅಧಿಕೃತ ಪಾತ್ರವಿಲ್ಲ.

ಮೊದಲ ಹಂತವಾದ ಫೌಂಡೇಶನ್‌ನಲ್ಲಿ ತಲಾ 100 ಅಂಕಗಳ ನಾಲ್ಕು ಪತ್ರಿಕೆಗಳಿವೆ. ಅಕೌಂಟಿಂಗ್ ಮತ್ತು ವ್ಯವಹಾರ ಕಾನೂನು ಪತ್ರಿಕೆಗಳನ್ನು ಮೂರು ಗಂಟೆ ವಿವರಣಾತ್ಮಕವಾಗಿ ಬರೆಯಬೇಕು. ಗಣಿತ, ತಾರ್ಕಿಕ ಸಾಮರ್ಥ್ಯ ಮತ್ತು ಸಂಖ್ಯಾಶಾಸ್ತ್ರ ಸೇರಿದ ಮೂರನೆಯ ಪತ್ರಿಕೆ ಹಾಗೂ ಅರ್ಥಶಾಸ್ತ್ರದ ನಾಲ್ಕನೆಯ ಪತ್ರಿಕೆ ಎರಡು ಗಂಟೆಗಳ ಬಹು ಆಯ್ಕೆಯ ಪರೀಕ್ಷೆಗಳು. ಇವೆರಡರಲ್ಲಿ ಪ್ರತಿ ತಪ್ಪು ಉತ್ತರಕ್ಕೆ 0.25 ಅಂಕ ಕಳೆಯುತ್ತಾರೆ.

ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್‌ನ ಆರು ಪತ್ರಿಕೆಗಳನ್ನು ಎರಡು ಗ್ರೂಪ್‌ಗಳಾಗಿ ಹಂಚಲಾಗಿದೆ. ಮೊದಲ ಗ್ರೂಪ್‌ನಲ್ಲಿ ಅಡ್ವಾನ್ಸ್‌ಡ್ ಅಕೌಂಟಿಂಗ್, ಕಂಪನಿ ಹಾಗೂ ಇತರ ಕಾನೂನುಗಳು ಮತ್ತು ತೆರಿಗೆ ಇವೆ. ಎರಡನೆಯದರಲ್ಲಿ ಕಾಸ್ಟ್ ಅಕೌಂಟಿಂಗ್, ಆಡಿಟಿಂಗ್ ಹಾಗೂ ಹಣಕಾಸು ಮತ್ತು ಕಾರ್ಯತಂತ್ರ ನಿರ್ವಹಣೆ ಇವೆ. ಇಲ್ಲಿ ಪ್ರತಿ ಪತ್ರಿಕೆಯ 30 ಅಂಕಗಳು ಬಹು ಆಯ್ಕೆಯ ಪ್ರಶ್ನೆಗಳಿಗೆ, ಉಳಿದ 70 ಅಂಕಗಳು ಬರವಣಿಗೆಗೆ ಮೀಸಲು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ವಾಣಿಜ್ಯ ಪದವಿಯಲ್ಲಿ ಶೇ 55, ಇತರ ಪದವಿಗಳಲ್ಲಿ ಶೇ 60 ಅಂಕ ಪಡೆದವರು ಫೌಂಡೇಶನ್ ಬರೆಯದೆ ನೇರವಾಗಿ ಈ ಹಂತಕ್ಕೆ ಬರಬಹುದು. ಎರಡೂ ಗ್ರೂಪ್ ಪಾಸಾದ ಮೇಲೆ ಸಿಎ ಕಚೇರಿಯೊಂದರಲ್ಲಿ ಎರಡು ವರ್ಷಗಳ ಆರ್ಟಿಕಲ್‌ಶಿಪ್ ತರಬೇತಿ, ಕೊನೆಯಲ್ಲಿ ಮತ್ತೆ ಆರು ಪತ್ರಿಕೆಗಳ ಫೈನಲ್ ಪರೀಕ್ಷೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಆರಂಭದಲ್ಲೇ ತಿಳಿದಿರಬೇಕು. ಉತ್ತರ ಬರೆಯಲು ಇರುವ ಆಯ್ಕೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕಾನೂನಿನ ಉತ್ತರಗಳನ್ನು ಇಂಗ್ಲಿಷಿನಲ್ಲಿ ವೇಗವಾಗಿ ಬರೆಯುವ ಅಭ್ಯಾಸಕ್ಕೆ ಸಮಯ ಬೇಕಾಗುತ್ತದೆ. ಆ ಸಮಯವನ್ನು ಓದಿನ ಯೋಜನೆಯಲ್ಲೇ ಸೇರಿಸಿಕೊಳ್ಳದಿದ್ದರೆ ವಿಷಯ ಚೆನ್ನಾಗಿ ಗೊತ್ತಿರುವ ಮಕ್ಕಳೂ ಮೂರು ಗಂಟೆಯಲ್ಲಿ ಪತ್ರಿಕೆ ಮುಗಿಸಲಾಗದೆ ಅಂಕ ಕಳೆದುಕೊಳ್ಳುತ್ತಾರೆ.

## ನೋಂದಣಿಯ ಗಡುವು ಪರೀಕ್ಷೆಯನ್ನು ನಿರ್ಧರಿಸುತ್ತದೆ

ಪರೀಕ್ಷೆ ನಡೆಯುವ ಒಂದೊಂದು ಸರದಿಯನ್ನು ವಿದ್ಯಾರ್ಥಿಗಳು ಅಟೆಂಪ್ಟ್ ಎನ್ನುತ್ತಾರೆ. ಮೊದಲು ವರ್ಷಕ್ಕೆ ಎರಡು ಅಟೆಂಪ್ಟ್ ಇದ್ದವು. 2024ರಿಂದ ಫೌಂಡೇಶನ್ ಮತ್ತು ಇಂಟರ್ ಪರೀಕ್ಷೆಗಳು ಜನವರಿ, ಮೇ–ಜೂನ್ ಮತ್ತು ಸೆಪ್ಟೆಂಬರ್ ಹೀಗೆ ಮೂರು ಬಾರಿ ನಡೆಯತೊಡಗಿದವು. 2025ರಲ್ಲಿ ಸಂಸ್ಥೆ ಫೈನಲ್ ಪರೀಕ್ಷೆಯನ್ನೂ ವರ್ಷಕ್ಕೆ ಮೂರು ಬಾರಿ ನಡೆಸುವ ನಿರ್ಧಾರ ಪ್ರಕಟಿಸಿತು. ಸಂಸ್ಥೆ ಈ ವೇಳಾಪಟ್ಟಿಯನ್ನು ಬದಲಿಸುವುದುಂಟಾದ್ದರಿಂದ, ಆಯಾ ವರ್ಷದ ಪ್ರಕಟಣೆಯನ್ನು ಐಸಿಎಐ ಜಾಲತಾಣದಲ್ಲಿ ನೋಡಿಯೇ ಯೋಜನೆ ಹಾಕಬೇಕು.

ಹೊಸಬರು ಎಡವುವುದು ನೋಂದಣಿ ಮತ್ತು ಪರೀಕ್ಷಾ ಅರ್ಜಿ ಎರಡನ್ನೂ ಒಂದೇ ಎಂದು ತಿಳಿದಾಗ. ನೋಂದಣಿ ಎಂದರೆ ಆ ಹಂತದ ವಿದ್ಯಾರ್ಥಿಯಾಗಿ ಸಂಸ್ಥೆಗೆ ಸೇರುವುದು. ಪರೀಕ್ಷಾ ಅರ್ಜಿ ಎಂದರೆ ನಿರ್ದಿಷ್ಟ ಅಟೆಂಪ್ಟ್‌ಗೆ ಹೆಸರು ಕೊಡುವುದು. ಇವೆರಡರ ನಡುವೆ ಕಡ್ಡಾಯವಾದ ಓದಿನ ಅವಧಿ ಇರುತ್ತದೆ: ಫೌಂಡೇಶನ್‌ಗೆ ನಾಲ್ಕು ತಿಂಗಳು, ಇಂಟರ್‌ಗೆ ಎಂಟು ತಿಂಗಳು. ಫೌಂಡೇಶನ್‌ಗೆ ಜನವರಿ 1ರೊಳಗೆ ನೋಂದಾಯಿಸಿದವರು ಮೇ–ಜೂನ್‌ನಲ್ಲಿ, ಮೇ 1ರೊಳಗೆ ನೋಂದಾಯಿಸಿದವರು ಸೆಪ್ಟೆಂಬರ್‌ನಲ್ಲಿ, ಸೆಪ್ಟೆಂಬರ್ 1ರೊಳಗೆ ನೋಂದಾಯಿಸಿದವರು ಜನವರಿಯಲ್ಲಿ ಬರೆಯಬಹುದು. ಇಂಟರ್‌ಗೆ ಜನವರಿ 1ರ ಗಡುವು ಸೆಪ್ಟೆಂಬರ್ ಪರೀಕ್ಷೆಗೆ, ಮೇ 1ರ ಗಡುವು ಮುಂದಿನ ಜನವರಿಗೆ, ಸೆಪ್ಟೆಂಬರ್ 1ರ ಗಡುವು ಮುಂದಿನ ಮೇ ಪರೀಕ್ಷೆಗೆ ಅನ್ವಯಿಸುತ್ತದೆ.

ಕರ್ನಾಟಕದ ಪಿಯುಸಿ ವಿದ್ಯಾರ್ಥಿಗಳಿಗೆ ಇದು ಏಕೆ ಮುಖ್ಯ ಎಂಬುದನ್ನು ನೋಡೋಣ. 2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ-1ರ ಫಲಿತಾಂಶ ಏಪ್ರಿಲ್ 8ರಂದು ಪ್ರಕಟವಾಯಿತು. ಅಲ್ಲಿಂದ ಮೇ 1ಕ್ಕೆ ಉಳಿದದ್ದು ಮೂರು ವಾರಗಳು. ಆ ಮೂರು ವಾರಗಳನ್ನು ಬಿಕಾಂ ಸೀಟು ಹುಡುಕುವುದರಲ್ಲಿ, ನೆಂಟರ ಸಲಹೆ ಕೇಳುವುದರಲ್ಲಿ ಕಳೆದು ಮೇ ಎರಡನೆಯ ವಾರ ನೋಂದಾಯಿಸಿದ ವಿದ್ಯಾರ್ಥಿಗೆ ಸೆಪ್ಟೆಂಬರ್ ಅಟೆಂಪ್ಟ್ ಕೈತಪ್ಪಿ, ಮೊದಲ ಪರೀಕ್ಷೆ ಮುಂದಿನ ಜನವರಿಗೆ ಹೋಗುತ್ತದೆ. ಇದನ್ನು ತಪ್ಪಿಸಲು ಸುಲಭ ದಾರಿಯಿದೆ. ಹತ್ತನೆಯ ತರಗತಿ ಪಾಸಾದವರಿಗೂ ಫೌಂಡೇಶನ್ ನೋಂದಣಿಗೆ ಅವಕಾಶವಿದೆ; ಪರೀಕ್ಷೆಗೆ ಕೂರಲು ಮಾತ್ರ ಹನ್ನೆರಡನೆಯ ತರಗತಿ ಅಥವಾ ದ್ವಿತೀಯ ಪಿಯುಸಿ ತೇರ್ಗಡೆಯಾಗಿರಬೇಕು. ಹಾಗಾಗಿ ಸಿಎ ಓದುವುದು ಖಚಿತವಾಗಿದ್ದರೆ ನೋಂದಣಿಗೆ ಪಿಯುಸಿ ಫಲಿತಾಂಶದವರೆಗೆ ಕಾಯಬೇಕಾಗಿಲ್ಲ. ಫೌಂಡೇಶನ್ ನೋಂದಣಿ ನಾಲ್ಕು ವರ್ಷ ಊರ್ಜಿತದಲ್ಲಿರುತ್ತದೆ.

## 42 ತಿಂಗಳು 48 ಆಗುವುದು ಹೇಗೆ

ನಿಯಮ ಪುಸ್ತಕದ ಲೆಕ್ಕ ಸರಳ. ಫೌಂಡೇಶನ್‌ಗೆ 4 ತಿಂಗಳು, ಇಂಟರ್‌ಗೆ 8, ಆರ್ಟಿಕಲ್‌ಶಿಪ್‌ಗೆ 24, ಅದಾದ ಮೇಲೆ ಫೈನಲ್‌ಗೆ ಓದಲು 6 ತಿಂಗಳು. ಒಟ್ಟು 42 ತಿಂಗಳು. ಆದರೆ ಕ್ಯಾಲೆಂಡರ್ ಹಿಡಿದು ನಡೆದರೆ ಹೀಗಾಗುವುದಿಲ್ಲ.

ಮೇ 1ರಂದು ನೋಂದಾಯಿಸಿದ ವಿದ್ಯಾರ್ಥಿನಿಯೊಬ್ಬಳು ಸೆಪ್ಟೆಂಬರ್‌ನಲ್ಲಿ ಫೌಂಡೇಶನ್ ಬರೆದಳೆಂದು ಇಟ್ಟುಕೊಳ್ಳಿ. ಫಲಿತಾಂಶ ಬರುವುದು ಸುಮಾರು ನವೆಂಬರ್ ಹೊತ್ತಿಗೆ. ಅಷ್ಟರಲ್ಲಿ ಇಂಟರ್‌ನ ಸೆಪ್ಟೆಂಬರ್ 1ರ ಗಡುವು ದಾಟಿರುತ್ತದೆ. ಮುಂದಿನ ಗಡುವು ಜನವರಿ 1. ಅದರೊಳಗೆ ಸೇರಿದರೆ ಮುಂದಿನ ಸೆಪ್ಟೆಂಬರ್‌ನಲ್ಲಿ ಇಂಟರ್ ಪರೀಕ್ಷೆ, ನವೆಂಬರ್‌ನಲ್ಲಿ ಫಲಿತಾಂಶ, ಕೂಡಲೇ ಆರ್ಟಿಕಲ್‌ಶಿಪ್ ಆರಂಭ. ಎರಡು ವರ್ಷ ಮುಗಿಯುವುದು ಮತ್ತೊಂದು ನವೆಂಬರ್‌ಗೆ, ಅಲ್ಲಿಂದ ಆರು ತಿಂಗಳ ಮೇಲೆ ಮೇ ತಿಂಗಳ ಫೈನಲ್. ಒಂದೂ ಪತ್ರಿಕೆ ಫೇಲಾಗದೆ, ಒಂದು ಗಡುವೂ ತಪ್ಪದೆ ನಡೆದರೂ ಮೇ ತಿಂಗಳಿಂದ ಮೇ ತಿಂಗಳವರೆಗೆ ನಾಲ್ಕು ವರ್ಷ, ಅಂದರೆ 48 ತಿಂಗಳು.

ಹೆಚ್ಚಾದ ಆರು ತಿಂಗಳು ಫಲಿತಾಂಶಕ್ಕೂ ಮುಂದಿನ ಗಡುವಿಗೂ ಕಾಯುವ ಕಾಲ. ಯೋಜನೆಯ ದೃಷ್ಟಿಯಿಂದ ಇಡೀ ಕೋರ್ಸ್‌ನಲ್ಲಿ ಅತ್ಯಂತ ಬೆಲೆಬಾಳುವ ಕಾಲ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆ ಎಂಬುದು ಗಂಟೆಗಳ ಲೆಕ್ಕ ಹಾಕಿದಾಗ ತಿಳಿಯುತ್ತದೆ.

## ಗಂಟೆಗಳ ಲೆಕ್ಕ

ಮದುವೆ ಮನೆಯಲ್ಲಿ ಮೊದಲು ಮುಹೂರ್ತ ಗೊತ್ತಾಗುತ್ತದೆ. ಛತ್ರ, ಅಡುಗೆಯವರು, ಲಗ್ನಪತ್ರಿಕೆ ಎಲ್ಲವನ್ನೂ ಆ ದಿನದಿಂದ ಹಿಂದಕ್ಕೆ ಎಣಿಸಿ ಹೊಂದಿಸುತ್ತಾರೆ. ಓದಿನ ಯೋಜನೆಯನ್ನೂ ಹಾಗೆಯೇ ಪರೀಕ್ಷೆಯ ಮೊದಲ ದಿನದಿಂದ ಹಿಂದಕ್ಕೆ ಕಟ್ಟಬೇಕು. ಇಂದಿನಿಂದ ಮುಂದಕ್ಕೆ ಕಟ್ಟುವ ಯೋಜನೆಯಲ್ಲಿ ಮೊದಲ ಪಾಠಗಳಿಗೆ ಧಾರಾಳ ಸಮಯ ಸಿಕ್ಕಿ, ಕೊನೆಯ ಪಾಠಗಳಿಗೂ ಪುನರಾವರ್ತನೆಗೂ ಏನೂ ಉಳಿಯುವುದಿಲ್ಲ.

ಮೇಲಿನ ವಿದ್ಯಾರ್ಥಿನಿಯ ಇಂಟರ್ ಓದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜನವರಿ 1ರಿಂದ ಆಗಸ್ಟ್ 31ರವರೆಗೆ ಸಾಮಾನ್ಯ ವರ್ಷದಲ್ಲಿ 243 ದಿನಗಳಿವೆ. ಆಕೆ ಬಿಕಾಂ ಕಾಲೇಜಿಗೂ ಹೋಗುತ್ತಿದ್ದಾಳೆ. ಹಾಗಾಗಿ ವಾರದ ದಿನಗಳಲ್ಲಿ 4 ಗಂಟೆ, ಭಾನುವಾರ 7 ಗಂಟೆ ಓದಬಲ್ಲಳು. ಸುಮಾರು 35 ಭಾನುವಾರಗಳಿಂದ 245 ಗಂಟೆ, ಉಳಿದ 208 ದಿನಗಳಿಂದ 832 ಗಂಟೆ, ಒಟ್ಟು 1077 ಗಂಟೆ. ಕಾಗದದ ಮೇಲಿನ ಈ ಮೊತ್ತದಲ್ಲಿ ಐದನೆಯ ಒಂದು ಭಾಗವನ್ನು ಮೊದಲೇ ಕಳೆದುಬಿಡುವುದು ಕ್ಷೇಮ. ಸೆಮಿಸ್ಟರ್ ಪರೀಕ್ಷೆ, ಯುಗಾದಿ, ಮನೆಯ ಸಮಾರಂಭಗಳು, ಜ್ವರ, ಮನಸ್ಸು ನಿಲ್ಲದ ದಿನಗಳು ಇವೆಲ್ಲ ಬಂದೇ ಬರುತ್ತವೆ. ಉಳಿಯುವುದು ಸುಮಾರು 860 ಗಂಟೆ. ಆರು ಪತ್ರಿಕೆಗಳಿಗೆ ಹಂಚಿದರೆ ಪತ್ರಿಕೆಗೆ 143 ಗಂಟೆ ಬರುತ್ತದೆ.

ಈ 143 ಗಂಟೆಯೂ ಒಂದೇ ಬಗೆಯ ಓದಿಗಲ್ಲ. ಅರ್ಧದಷ್ಟನ್ನು ಮೊದಲ ಓದಿಗೆ, ಹತ್ತರಲ್ಲಿ ಮೂರು ಪಾಲನ್ನು ಎರಡನೆಯ ಓದು ಮತ್ತು ಲೆಕ್ಕಗಳ ಅಭ್ಯಾಸಕ್ಕೆ, ಉಳಿದ ಎರಡು ಪಾಲನ್ನು ಮಾಕ್ ಟೆಸ್ಟ್ ಹಾಗೂ ಅಂತಿಮ ಪುನರಾವರ್ತನೆಗೆ ಇಟ್ಟರೆ ಮೊದಲ ಓದಿಗೆ ಸಿಗುವುದು 72 ಗಂಟೆ. ಅಡ್ವಾನ್ಸ್‌ಡ್ ಅಕೌಂಟಿಂಗ್‌ನಂತಹ ದೊಡ್ಡ ವಿಷಯಗಳಿಗೆ ಕೋಚಿಂಗ್ ಸಂಸ್ಥೆಗಳ ರೆಕಾರ್ಡೆಡ್ ತರಗತಿಗಳೇ ನೂರು ಗಂಟೆ ಮೀರುವುದು ಸಾಮಾನ್ಯ. ತರಗತಿ ಕೇಳುವ ಸಮಯವನ್ನು ಓದಿನ ಸಮಯವೆಂದು ಬರೆದುಕೊಂಡರಂತೂ ಲೆಕ್ಕ ಪೂರ್ತಿ ತಪ್ಪುತ್ತದೆ. ಏಕೆಂದರೆ ಉತ್ತರ ಬರೆಯುವ ಶಕ್ತಿ ಬರುವುದು ಕೇಳಿದ್ದನ್ನು ಪುಸ್ತಕ ಮುಚ್ಚಿ ತಾನೇ ಬಿಡಿಸಿದಾಗ ಮಾತ್ರ.

ಇಲ್ಲಿಯೇ ಕಾಯುವ ಕಾಲದ ಬೆಲೆ ತಿಳಿಯುವುದು. ಫೌಂಡೇಶನ್ ಬರೆದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 92 ದಿನಗಳಿವೆ. ದಿನಕ್ಕೆ ಮೂರು ಗಂಟೆ ಇಂಟರ್ ವಿಷಯಗಳ ಓದಿಗೆ ಕೊಟ್ಟರೆ 276 ಗಂಟೆ ಸೇರುತ್ತದೆ. 860 ಗಂಟೆ 1136 ಆಗಿ, ಪತ್ರಿಕೆಗೆ 143ರ ಬದಲು 189 ಗಂಟೆ ಸಿಗುತ್ತದೆ. ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕುಳಿತವರಿಗೂ ಹೀಗೆ ಆರಂಭಿಸಿದವರಿಗೂ ಬರುವ ವ್ಯತ್ಯಾಸದ ಬಹುಪಾಲು ಈ ಮೂರು ತಿಂಗಳಲ್ಲೇ ಹುಟ್ಟುತ್ತದೆ.

ಹಿಂದಕ್ಕೆ ಎಣಿಸುವಾಗ ಪರೀಕ್ಷೆಯ ದಿನಗಳ ಲೆಕ್ಕವೂ ಇರಬೇಕು. ಇಂಟರ್ ಪತ್ರಿಕೆಗಳ ನಡುವೆ ಸಾಮಾನ್ಯವಾಗಿ ಒಂದು ದಿನದ ಬಿಡುವು ಇರುತ್ತದೆ. ಪರೀಕ್ಷೆ ಮಧ್ಯಾಹ್ನ 2ರಿಂದ 5ರವರೆಗೆ. ಒಂದು ಪತ್ರಿಕೆ ಮುಗಿದ ಸಂಜೆಯಿಂದ ಮುಂದಿನದರ ಆರಂಭಕ್ಕೆ 45 ಗಂಟೆ. ನಿದ್ದೆ, ಊಟ, ಪ್ರಯಾಣ ಕಳೆದರೆ ಇಡೀ ವಿಷಯವನ್ನು ತಿರುವಿ ಹಾಕಲು ಉಳಿಯುವುದನ್ನು ವಿದ್ಯಾರ್ಥಿಗಳು ಒಂದೂವರೆ ದಿನ ಎಂದು ಕರೆಯುತ್ತಾರೆ. ಒಂದು ವಿಷಯದ ಟಿಪ್ಪಣಿ ಈ ಒಂದೂವರೆ ದಿನದಲ್ಲಿ ಓದಿ ಮುಗಿಯುವಷ್ಟು ಚಿಕ್ಕದಾಗಿದೆಯೇ ಎಂಬುದನ್ನು ಪರೀಕ್ಷೆಗೆ ಒಂದು ತಿಂಗಳ ಮೊದಲೇ ಒಮ್ಮೆ ನಿಜವಾಗಿ ಓದಿ ನೋಡಬೇಕು. ಮುಗಿಯದಿದ್ದರೆ ಟಿಪ್ಪಣಿಯನ್ನು ಕಿರಿದು ಮಾಡಲು ಆಗ ಇನ್ನೂ ಸಮಯವಿರುತ್ತದೆ.

## 40, 50 ಮತ್ತು 60: ಒಂದು ಗ್ರೂಪೋ ಎರಡೋ

ಗ್ರೂಪ್ ಆಯ್ಕೆಯ ಪ್ರಶ್ನೆಗೆ ಉತ್ತರ ಅಂಕಗಳ ನಿಯಮದಲ್ಲಿದೆ. ಪಾಸಾಗಲು ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಅಂಕ ಬರಬೇಕು, ಗ್ರೂಪ್‌ನ ಒಟ್ಟು ಅಂಕ ಶೇ 50 ಇರಬೇಕು. ಮೂರು ಪತ್ರಿಕೆಗಳಿಗೆ 300ಕ್ಕೆ 150. ಎರಡೂ ಗ್ರೂಪ್‌ಗಳನ್ನು ಒಂದೇ ಅಟೆಂಪ್ಟ್‌ನಲ್ಲಿ ಬರೆದವರಿಗೆ ಇನ್ನೊಂದು ಅನುಕೂಲವಿದೆ. ಆರೂ ಪತ್ರಿಕೆಗಳಲ್ಲಿ 40 ದಾಟಿ, ಒಟ್ಟು 600ಕ್ಕೆ 300 ಬಂದರೆ, ಒಂದು ಗ್ರೂಪ್‌ನಲ್ಲಿ 150 ಬರದಿದ್ದರೂ ಎರಡೂ ಪಾಸು.

ಉದಾಹರಣೆಗೆ ಮೊದಲ ಗ್ರೂಪ್‌ನಲ್ಲಿ 48, 44, 46 ಬಂದು ಒಟ್ಟು 138 ಆಯಿತೆನ್ನಿ. ಎರಡನೆಯದರಲ್ಲಿ 60, 52, 51 ಸೇರಿ 163. ಎರಡೂ ಕೂಡಿದರೆ 301. ಹೀಗೆ ಎರಡೂ ಗ್ರೂಪ್ ಒಟ್ಟಿಗೆ ಬರೆದವನು ಇಂಟರ್ ಮುಗಿಸುತ್ತಾನೆ. ಅದೇ 138 ಅಂಕಗಳನ್ನು ಮೊದಲ ಗ್ರೂಪ್ ಮಾತ್ರ ಬರೆದು ಪಡೆದವನು ಫೇಲಾಗುತ್ತಾನೆ. ಹಿರಿಯರು ಎರಡೂ ಗ್ರೂಪ್ ಬರೆಯಿರಿ ಎಂದು ಹೇಳುವುದರ ಹಿಂದಿನ ಬಲವಾದ ಕಾರಣ ಇದು.

ಆದರೆ ಈ ಅನುಕೂಲ ಕೆಲಸ ಮಾಡುವುದು ಆರೂ ಪತ್ರಿಕೆಗಳಲ್ಲಿ 40 ದಾಟಿದಾಗ ಮಾತ್ರ. ಒಂದು ಪತ್ರಿಕೆಯಲ್ಲಿ 39 ಬಂದರೂ ಕೂಡಿಸುವ ಲಾಭ ಇಲ್ಲವಾಗುತ್ತದೆ. ಹಾಗಾಗಿ ಕೇಳಿಕೊಳ್ಳಬೇಕಾದದ್ದು ಸರಾಸರಿ ಎಷ್ಟು ಬರುತ್ತದೆ ಎಂದಲ್ಲ, ಅತ್ಯಂತ ದುರ್ಬಲವಾದ ವಿಷಯದಲ್ಲಿ 40 ಖಚಿತವೇ ಎಂದು. ಮೇಲಿನ ಗಂಟೆಗಳ ಲೆಕ್ಕ ಹಾಕಿದಾಗ ಪತ್ರಿಕೆಗೆ ನೂರು ಗಂಟೆಯೂ ಸಿಗದ ಸ್ಥಿತಿಯಿದ್ದರೆ, ಮೂರು ಪತ್ರಿಕೆಗಳನ್ನು ಗಟ್ಟಿಯಾಗಿ ಓದುವುದೇ ಸರಿಯಾದ ನಿರ್ಧಾರ. ಆದರೆ ಇದಕ್ಕೂ ಬೆಲೆಯಿದೆ. ಹೊಸ ಪದ್ಧತಿಯಲ್ಲಿ ಎರಡೂ ಗ್ರೂಪ್ ಪಾಸಾಗದೆ ಆರ್ಟಿಕಲ್‌ಶಿಪ್ ಆರಂಭಿಸಲಾಗದು. ಬೇರೆ ಬೇರೆಯಾಗಿ ಬರೆಯುವವರಿಗೆ ತರಬೇತಿ ಕನಿಷ್ಠ ಒಂದು ಅಟೆಂಪ್ಟ್‌ನಷ್ಟು, ಸುಮಾರು ನಾಲ್ಕು ತಿಂಗಳು, ಮುಂದಕ್ಕೆ ಹೋಗುತ್ತದೆ.

ಇನ್ನು 60ರ ಸಂಗತಿ. ಗ್ರೂಪ್ ಫೇಲಾದರೂ ಅದರ ಒಂದು ಪತ್ರಿಕೆಯಲ್ಲಿ 60 ಅಥವಾ ಹೆಚ್ಚು ಬಂದಿದ್ದರೆ ಆ ಪತ್ರಿಕೆಗೆ ಎಕ್ಸೆಂಪ್ಷನ್, ಅಂದರೆ ವಿನಾಯಿತಿ ಸಿಗುತ್ತದೆ. ಮುಂದಿನ ಮೂರು ಅಟೆಂಪ್ಟ್‌ಗಳಲ್ಲಿ ಅದನ್ನು ಮತ್ತೆ ಬರೆಯಬೇಕಿಲ್ಲ, ಆ ಅಂಕಗಳು ಒಟ್ಟು ಮೊತ್ತಕ್ಕೂ ಸೇರುತ್ತವೆ. 65 ಅಂಕದ ಎಕ್ಸೆಂಪ್ಷನ್ ಇದ್ದವನಿಗೆ ಉಳಿದೆರಡು ಪತ್ರಿಕೆಗಳಿಂದ ಬೇಕಾದದ್ದು 85 ಮಾತ್ರ, ಎರಡರಲ್ಲೂ 40 ದಾಟಿದರಾಯಿತು. ಈ ನಿಯಮದಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಗ್ರೂಪ್‌ನ ಎಲ್ಲ ಪತ್ರಿಕೆಗಳಿಗೂ ಹಾಜರಾಗಿದ್ದವರಿಗೆ ಮಾತ್ರ ಎಕ್ಸೆಂಪ್ಷನ್. ಎರಡನೆಯ ಪತ್ರಿಕೆ ಕೆಟ್ಟಿತೆಂದು ಬೇಸರದಿಂದ ಮೂರನೆಯದನ್ನು ಬರೆಯದೆ ಮನೆಗೆ ಹೋದವರು, ಮೊದಲನೆಯದರಲ್ಲಿ 70 ಬಂದಿದ್ದರೂ ಅದನ್ನು ಕಳೆದುಕೊಳ್ಳುತ್ತಾರೆ. ಪ್ರತಿ ಅಟೆಂಪ್ಟ್‌ನಲ್ಲೂ ಒಂದಷ್ಟು ಮಕ್ಕಳು ಹೀಗೆ ಪರೀಕ್ಷೆಯ ಮಧ್ಯೆ ಕೈಬಿಡುವುದು ನೋವಿನ ಸಂಗತಿ, ಏಕೆಂದರೆ ಆ ನಷ್ಟ ಪೂರ್ತಿ ತಪ್ಪಿಸಬಹುದಾದದ್ದು. ಎರಡನೆಯದು, ವರ್ಷಕ್ಕೆ ಎರಡು ಪರೀಕ್ಷೆಗಳಿದ್ದಾಗ ಮೂರು ಅಟೆಂಪ್ಟ್ ಎಂದರೆ ಒಂದೂವರೆ ವರ್ಷ ಇತ್ತು. ಈಗ ಒಂದೇ ವರ್ಷದಲ್ಲಿ ತೀರಿಹೋಗುತ್ತದೆ.

## ಪರೀಕ್ಷಾ ಅರ್ಜಿ ತುಂಬುವಾಗ

ಪರೀಕ್ಷೆಗೆ ಸುಮಾರು ಎರಡು ತಿಂಗಳ ಮೊದಲು ಐಸಿಎಐನ ಸೆಲ್ಫ್ ಸರ್ವಿಸ್ ಪೋರ್ಟಲ್‌ನಲ್ಲಿ ಅರ್ಜಿ ತೆರೆಯುತ್ತದೆ ಮತ್ತು ಎರಡು ವಾರಗಳ ಆಸುಪಾಸಿನಲ್ಲಿ ಮುಚ್ಚುತ್ತದೆ. ಆ ಮೇಲೆ ಕೆಲವು ದಿನ 600 ರೂಪಾಯಿ ತಡ ಶುಲ್ಕದೊಂದಿಗೆ ಅವಕಾಶವಿರುತ್ತದೆ. ಭಾರತದ ಕೇಂದ್ರಗಳಿಗೆ ಶುಲ್ಕ ಫೌಂಡೇಶನ್‌ಗೆ 1500 ರೂಪಾಯಿ, ಇಂಟರ್ ಒಂದು ಗ್ರೂಪ್‌ಗೆ 1500, ಎರಡಕ್ಕೂ 2700, ಫೈನಲ್ ಒಂದು ಗ್ರೂಪ್‌ಗೆ 1800, ಎರಡಕ್ಕೂ 3300.

ಅರ್ಜಿಯಲ್ಲಿ ಗ್ರೂಪ್, ಮಾಧ್ಯಮ ಮತ್ತು ಪರೀಕ್ಷಾ ನಗರವನ್ನು ಆರಿಸಬೇಕು. ನಗರವನ್ನಷ್ಟೇ ಆರಿಸಬಹುದು, ಯಾವ ಶಾಲೆ ಅಥವಾ ಕಾಲೇಜು ಎಂಬುದು ಅಡ್ಮಿಟ್ ಕಾರ್ಡ್ ಬಂದಾಗಲೇ ತಿಳಿಯುವುದು. ಕರ್ನಾಟಕದಲ್ಲಿ ಬೆಂಗಳೂರಿನ ಜೊತೆಗೆ ಮೈಸೂರು, ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿಗಳಲ್ಲಿಯೂ ಪರೀಕ್ಷೆ ನಡೆಯುತ್ತದೆ. ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುವವರು ಊರಿನ ಹತ್ತಿರದ ನಗರವನ್ನು ಆರಿಸಿದರೆ ಒಂದೂವರೆ ದಿನದ ಪುನರಾವರ್ತನೆಯಲ್ಲಿ ಊಟ, ಸಂಚಾರದ ಚಿಂತೆ ಕಡಿಮೆಯಾಗಬಹುದು. ಆದರೆ ಈ ನಿರ್ಧಾರ ಎರಡು ತಿಂಗಳ ಮೊದಲೇ ಆಗಬೇಕು. ದುಬೈ, ಅಬುಧಾಬಿ, ಮಸ್ಕತ್, ದೋಹಾಗಳಲ್ಲಿಯೂ ಕೇಂದ್ರಗಳಿರುವುದರಿಂದ ಗಲ್ಫ್‌ನಲ್ಲಿ ನೆಲೆಸಿರುವ ಕರಾವಳಿಯ ಕುಟುಂಬಗಳ ಮಕ್ಕಳು ಅಲ್ಲಿಂದಲೇ ಬರೆಯಬಹುದು. ಪರೀಕ್ಷೆ ಭಾರತೀಯ ಕಾಲಮಾನಕ್ಕೆ ಸರಿಯಾಗಿ ನಡೆಯುವುದರಿಂದ ದುಬೈನಲ್ಲಿ ಅದು ಮಧ್ಯಾಹ್ನ 12.30ಕ್ಕೇ ಆರಂಭವಾಗುತ್ತದೆ.

ಅರ್ಜಿ ಮುಚ್ಚಿದ ಮೇಲೆ ತಿದ್ದುಪಡಿಗೆ ಕೆಲವು ದಿನ ಅವಕಾಶ ಕೊಡುತ್ತಾರೆ. ನಗರ, ಗ್ರೂಪ್, ಮಾಧ್ಯಮಗಳನ್ನು ಆಗ ಬದಲಿಸಬಹುದು. ಒಂದು ಗ್ರೂಪೋ ಎರಡೋ ಎಂಬ ಅನುಮಾನವಿರುವವರು ಈ ಅವಧಿಯ ಕೊನೆಯ ದಿನಾಂಕವನ್ನು ತಮ್ಮ ನಿರ್ಧಾರದ ದಿನವೆಂದು ಗುರುತು ಹಾಕಿಕೊಂಡು, ಅದಕ್ಕೆ ಮೊದಲು ಎಲ್ಲ ವಿಷಯಗಳ ಮೊದಲ ಓದು ಮುಗಿಯುವಂತೆ ನೋಡಿಕೊಳ್ಳಬೇಕು.

ಅರ್ಜಿಯ ಇನ್ನೊಂದು ಇಕ್ಕಟ್ಟು ವರ್ಷಕ್ಕೆ ಮೂರು ಪರೀಕ್ಷೆ ಬಂದ ಮೇಲಿನದು. 2025ರ ಮೇ ಪರೀಕ್ಷೆಗಳ ಫಲಿತಾಂಶ ಜುಲೈ 6ರಂದು ಬಂದಿತು. ಸೆಪ್ಟೆಂಬರ್ ಪರೀಕ್ಷೆಯ ಅರ್ಜಿ ತುಂಬುವ ಕಾಲವೂ ಅದೇ ಜುಲೈ ಮೊದಲಾರ್ಧ. ಫೇಲಾದ ದುಃಖ ಆರುವ ಮೊದಲೇ ಮುಂದಿನ ಅಟೆಂಪ್ಟ್‌ನ ನಿರ್ಧಾರ ಮಾಡಬೇಕಾಗುತ್ತದೆ. ಆಗ ಎರಡೇ ತಿಂಗಳು ಉಳಿದಿರುತ್ತದೆ ಎಂಬುದನ್ನು ಮನೆಯವರೂ ಅರಿತಿರಬೇಕು. ಪರೀಕ್ಷೆ ಬರೆದು ಬಂದ ವಾರವೇ ಐಸಿಎಐ ಪಠ್ಯ ಹಿಡಿದು ಎಲ್ಲೆಲ್ಲಿ ತಪ್ಪಾಯಿತೆಂದು ಬರೆದಿಟ್ಟುಕೊಂಡವರಿಗೆ ಆ ಎರಡು ತಿಂಗಳ ಕೆಲಸ ಹಗುರವಾಗುತ್ತದೆ.

ವೇಳಾಪಟ್ಟಿ ಪ್ರಕಟವಾದ ಮೇಲೂ ದಿನಾಂಕಗಳು ಬದಲಾದದ್ದುಂಟು. 2025ರ ಜನವರಿ 14ರ ಫೌಂಡೇಶನ್ ಪತ್ರಿಕೆ ಮಕರ ಸಂಕ್ರಾಂತಿ, ಪೊಂಗಲ್ ಕಾರಣಕ್ಕೆ 16ಕ್ಕೆ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಗಡಿಯ ಉದ್ವಿಗ್ನತೆಯಿಂದಾಗಿ 9ರಿಂದ 14ರವರೆಗಿನ ಪತ್ರಿಕೆಗಳು ಮುಂದೂಡಲ್ಪಟ್ಟವು. ಕೊನೆಯ ಪತ್ರಿಕೆಯ ಮರುದಿನಕ್ಕೇ ಊರಿನ ಟಿಕೆಟ್ ಮಾಡಿಸುವ ಮುನ್ನ ಇದು ನೆನಪಿರಲಿ.

## ಯಾವ ವರ್ಷದ ಕಾನೂನು ಓದಬೇಕು

ಲೆಕ್ಕಶಾಸ್ತ್ರದ ಓದಿನಲ್ಲಿ ಬೇರೆ ಪದವಿಗಳಿಗಿಲ್ಲದ ಒಂದು ತೊಡಕಿದೆ: ತೆರಿಗೆ ಮತ್ತು ಕಂಪನಿ ಕಾನೂನುಗಳು ಓದುತ್ತಿರುವಾಗಲೇ ಬದಲಾಗುತ್ತವೆ. ಪ್ರತಿ ಅಟೆಂಪ್ಟ್‌ಗೆ ಯಾವ ಹಣಕಾಸು ಕಾಯ್ದೆ ಅನ್ವಯಿಸುತ್ತದೆ, ಯಾವ ದಿನಾಂಕದವರೆಗಿನ ತಿದ್ದುಪಡಿಗಳನ್ನು ಓದಬೇಕು ಎಂಬುದನ್ನು ಸಂಸ್ಥೆಯ ಬೋರ್ಡ್ ಆಫ್ ಸ್ಟಡೀಸ್ ವಿಭಾಗ ಪ್ರಕಟಿಸುತ್ತದೆ. ಈ ಗಡಿ ಸಾಮಾನ್ಯವಾಗಿ ಪರೀಕ್ಷೆಗೆ ಸುಮಾರು ಆರು ತಿಂಗಳ ಹಿಂದಿರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬರುವುದರಿಂದ, ಈಗ ಇಂಟರ್ ಅಥವಾ ಫೈನಲ್ ತೆರಿಗೆ ಓದುವವರು ತಮ್ಮ ಅಟೆಂಪ್ಟ್‌ಗೆ ಯಾವ ಕಾಯ್ದೆ ಎಂಬುದನ್ನು ಪುಸ್ತಕ ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಅಣ್ಣ ಅಕ್ಕಂದಿರ ಹಳೆಯ ಅಕೌಂಟಿಂಗ್, ಕಾಸ್ಟಿಂಗ್ ಪುಸ್ತಕಗಳು ಪಠ್ಯ ಹೊಂದಿದರೆ ಉಪಯೋಗಕ್ಕೆ ಬಂದಾವು. ತೆರಿಗೆ ಪುಸ್ತಕ ಬರುವುದಿಲ್ಲ.

ಬೋರ್ಡ್ ಆಫ್ ಸ್ಟಡೀಸ್ ಪಠ್ಯ ಪುಸ್ತಕಗಳಲ್ಲದೆ ಪ್ರತಿ ಅಟೆಂಪ್ಟ್‌ಗೆ ರಿವಿಷನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಪೇಪರ್ ಮತ್ತು ಹಿಂದಿನ ಪರೀಕ್ಷೆಗಳ ಮಾದರಿ ಉತ್ತರಗಳನ್ನು ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಆನ್‌ಲೈನ್ ತರಗತಿಗಳನ್ನೂ ಉಚಿತವಾಗಿ ನಡೆಸುತ್ತದೆ. ಜಿಲ್ಲೆ, ತಾಲ್ಲೂಕುಗಳಲ್ಲಿ ಕೋಚಿಂಗ್ ಇಲ್ಲದೆ ಓದುವವರಿಗೆ ಇವೇ ಗಟ್ಟಿಯಾದ ಆಧಾರ.

## ಆರ್ಟಿಕಲ್‌ಶಿಪ್ ಮತ್ತು ಫೈನಲ್

ಹಳೆಯ ಪದ್ಧತಿಯಲ್ಲಿ ಮೂರು ವರ್ಷವಿದ್ದ ತರಬೇತಿ ಈಗ ಎರಡು ವರ್ಷಕ್ಕಿಳಿದಿದೆ. ತರಬೇತಿ ಮುಗಿದು ಆರು ತಿಂಗಳು ಕಳೆದ ಮೇಲಷ್ಟೇ ಫೈನಲ್ ಬರೆಯಬಹುದು. ಕಚೇರಿಗೆ ಹೋಗಬೇಕಾಗಿಲ್ಲದ ಈ ಆರು ತಿಂಗಳು ಓದಿಗೆಂದೇ ಸಿಗುವುದು ದೊಡ್ಡ ಬದಲಾವಣೆ. ಆದರೆ ಈ ಬಿಡುವನ್ನು ನಂಬಿ ಎರಡು ವರ್ಷ ಪುಸ್ತಕ ಮುಟ್ಟದಿರುವುದು ಅಪಾಯಕರ. ಆರು ಪತ್ರಿಕೆಗಳನ್ನು 180 ದಿನಗಳಲ್ಲಿ ಹೊಸದಾಗಿ ಓದಿದರೆ ಪತ್ರಿಕೆಗೆ ಸಿಗುವುದು 30 ದಿನ, ಅದರಲ್ಲೇ ಪುನರಾವರ್ತನೆಯೂ ಆಗಬೇಕು.

ತರಬೇತಿಯ ಕಾಲದಲ್ಲಿ ಮುಗಿಸಿಕೊಳ್ಳಬೇಕಾದ ಇನ್ನೊಂದು ಕೆಲಸ ಸೆಲ್ಫ್ ಪೇಸ್ಡ್ ಆನ್‌ಲೈನ್ ಮಾಡ್ಯೂಲ್‌ಗಳು. ಎ, ಬಿ, ಸಿ, ಡಿ ಎಂಬ ನಾಲ್ಕು ಸೆಟ್‌ಗಳಲ್ಲಿ ಎ ಮತ್ತು ಬಿ ಎಲ್ಲರಿಗೂ ಒಂದೇ: ಕಂಪನಿ ಹಾಗೂ ಆರ್ಥಿಕ ಕಾನೂನುಗಳು, ಕಾಸ್ಟ್ ಮತ್ತು ಕಾರ್ಯಕ್ಷಮತೆ ನಿರ್ವಹಣೆ. ಸಿ ಮತ್ತು ಡಿ ಸೆಟ್‌ಗಳಲ್ಲಿ ವಿಷಯವನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬಹುದು. ಪ್ರತಿಯೊಂದರಲ್ಲೂ ಶೇ 50 ಅಂಕ ಬೇಕು, ನಾಲ್ಕೂ ಮುಗಿಯದೆ ಫೈನಲ್ ಬರೆಯುವಂತಿಲ್ಲ. ಇಂಟರ್ ಪಾಸಾದ ಮೇಲೆ ಅನುಕೂಲವಾದ ಕಾಲದಲ್ಲಿ ಇವನ್ನು ಬರೆಯಬಹುದು. ಕಚೇರಿಯಲ್ಲಿ ಆಡಿಟ್ ಮತ್ತು ರಿಟರ್ನ್ಸ್ ಸಲ್ಲಿಕೆಯ ಕೆಲಸ ಜುಲೈನಿಂದ ಅಕ್ಟೋಬರ್‌ವರೆಗೆ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಒಂದೊಂದು ಸೆಟ್‌ಗೂ ಉಳಿದ ತಿಂಗಳುಗಳಲ್ಲಿ ದಿನ ಗೊತ್ತುಮಾಡಿಕೊಂಡು ಮೊದಲ ವರ್ಷದಲ್ಲಿ ಎರಡು, ಎರಡನೆಯ ವರ್ಷದಲ್ಲಿ ಎರಡು ಮುಗಿಸಿದರೆ ಕೊನೆಯ ಆರು ತಿಂಗಳು ಪೂರ್ತಿ ಫೈನಲ್‌ಗೆ ಉಳಿಯುತ್ತದೆ.

ಫೈನಲ್‌ನ ಆರನೆಯ ಪತ್ರಿಕೆಯಾದ ಇಂಟಿಗ್ರೇಟೆಡ್ ಬಿಸಿನೆಸ್ ಸೊಲ್ಯೂಷನ್ಸ್ ಉಳಿದವುಗಳಂತಲ್ಲ. ಅದು ನಾಲ್ಕು ಗಂಟೆಯ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ. ಹಲವು ವಿಷಯಗಳು ಬೆರೆತ ಪ್ರಕರಣಗಳನ್ನು ಕೊಟ್ಟು ಪ್ರಶ್ನೆ ಕೇಳುತ್ತಾರೆ. ಪುಸ್ತಕ ಒಯ್ಯಬಹುದೆಂದು ಓದನ್ನು ಹಗುರವಾಗಿ ತೆಗೆದುಕೊಂಡವರಿಗೆ ಹುಡುಕಾಟದಲ್ಲೇ ಹೊತ್ತು ಹೋಗುತ್ತದೆ. ಉಳಿದ ಐದು ಪತ್ರಿಕೆಗಳ ಟಿಪ್ಪಣಿಗಳಿಗೆ ಪುಟಸಂಖ್ಯೆ ಸಹಿತ ವಿಷಯಸೂಚಿ ಮಾಡಿಟ್ಟುಕೊಂಡು, ಅದನ್ನೇ ಬಳಸಿ ಕನಿಷ್ಠ ಎರಡು ಮಾಕ್ ಟೆಸ್ಟ್‌ಗಳನ್ನು ಪೂರ್ತಿ ನಾಲ್ಕು ಗಂಟೆ ಕೂತು ಬರೆಯಲು ಓದಿನ ವೇಳಾಪಟ್ಟಿಯಲ್ಲಿ ಪ್ರತ್ಯೇಕ ದಿನಗಳನ್ನು ತೆಗೆದಿಡಬೇಕು.